ಜಪಮಾಲೆಯ ದೊಡ್ಡ ಮಣಿ

ರೊಸಾಲಿನ್,

ತೀರಿಹೋದ ನೀನು ಇದನ್ನು ಓದಲಿಕ್ಕಿಲ್ಲ, ಆದರೂ ಬರೀತೇನೆ. ನಮ್ಮ ಮಗಳು ಸೆವರಿನ್‌ಗೆ ನಾಳೆ ನರ್ಸಿಂಗ್ ಸೇರುವ ಪರೀಕ್ಷೆ ಉಂಟು. ಡಾಕ್ಟರ ಮುಂದೆ ಉದ್ದುದ್ದದ ಇಂಗ್ಲಿಷ್ ಪದ ಓದಬೇಕಂತೆ. ಸಂಜೆ ಜಗಲಿಯಲ್ಲಿ ಕೂತು, ಪದವನ್ನು ತುಂಡು ಮಾಡು, ಯಾವ ತುಂಡಿಗೆ ಒತ್ತು ನೋಡು ಅಂತ ಹೇಳಿಕೊಟ್ಟೆ. ಕಾಲೇಜಿನಲ್ಲಿ ಪಾದ್ರಿಗಳು ಕಲಿಸಿದ್ದರಲ್ಲಿ, 'ಶನ್' ಎಂದು ಮುಗಿದರೆ ಅದರ ಹಿಂದಿನ ತುಂಡಿಗೆ ಒತ್ತು ಅನ್ನುವುದೊಂದು ನೆನಪುಂಟು. ಮಿಕ್ಕದ್ದು ಎಲ್ಲಿ ಹೋಯಿತೋ.

ಆಮೇಲೆ ಟ್ಯುಬರ್ಕ್ಯುಲೋಸಿಸ್ ಅನ್ನುವ ಪದ ಬಂತು. ನಾನು ಬಾಯಿ ತೆರೆಯುವ ಮೊದಲೇ ಅವಳು 'ಮಾಯ್‌ದು' ಎಂದು ನಿನ್ನ ಜಪಮಾಲೆ ತಂದಳು. ಟ್ಯು, ಬರ್, ಕ್ಯು ಎಂದು ಸಣ್ಣ ಮಣಿಗಳನ್ನು ದಾಟಿಸಿ, ದೊಡ್ಡ ಮಣಿ ಬಂದಾಗ 'ಲೋ' ಎಂದು ಒತ್ತಿ ಹೇಳಿದಳು.

"ಯಾರು ಕಲಿಸಿದ್ದು ಮಗಾ?"

"ಮಾಯ್. ಮಲಗಿದಲ್ಲೇ ಹೀಗೆ ಹೇಳ್ತಿದ್ದಳು. ಡಾಕ್ಟರು ಎಂತ ಹೇಳಿದ್ರು ಅಂತ ಅವಳು ಕೇಳಿದ್ದಕ್ಕೆ ನೀವು ಈ ಪದ ಕಲಿಸಿದ್ರಂತೆ. ಬಂದವರಿಗೆಲ್ಲ ಹೇಳಿ ತೋರಿಸ್ತಿದ್ದಳು."

ಹೌದು, ನಿನಗೆ ಬೇಗ ಬಂದಿತ್ತು. ನಾನು ಶಾಭಾಸ್ ಅಂದಿದ್ದೆ.

"ಪಪ್ಪಾ, ಅದು ಕ್ಷಯ ಅಂತ ಮಾಯ್‌ಗೆ ಗೊತ್ತಿತ್ತಾ?"

ಮುಂದಿನ ಪದ ಓದು ಮಗಾ, ಅಂದೆ.