ಅಭಿನಂದನೆಗಳ ಕೇಕು

ಕೋಸ್ಕಿನಿಯೆಮಿ
ಅಕ್ಟೋಬರ್ 26, ಶುಕ್ರವಾರ

ಪ್ರೀತಿಯ ತಮ್ಮಾ ಒಸ್ಮೊ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಉರುಗ್ವೆಯಲ್ಲಿ ಈಗ ವಸಂತವಂತೆ. ಇಲ್ಲಿ ಆಗಲೇ ಕೆರೆಯ ಅಂಚಿಗೆ ಮಂಜುಗಡ್ಡೆ ಕಟ್ಟುತ್ತಿದೆ. ನಮ್ಮ ಕಂಪನಿ ಅಲ್ಲಿ ಕಟ್ಟಿದ ಹೊಸ ಕಾರ್ಖಾನೆಯ ಊಟ ನಾಲಿಗೆಗೆ ಹತ್ತುವುದಿಲ್ಲ ಎಂದು ನೀನು ಬರೆದಿದ್ದೆ. ನಮ್ಮ ರೈ ಹಿಟ್ಟಿನ ರೊಟ್ಟಿ ಕಳಿಸಿದ್ದೇನೆ, ಕಲ್ಲಾಗಿದ್ದರೂ ಕಾಫಿಯಲ್ಲಿ ಅದ್ದಿ ತಿನ್ನು. ಫೋನೇ ಮಾಡಬಹುದಿತ್ತು. ಮಾಡಿದರೆ ನಾನು ಅಳುತ್ತೇನೆ, ನೀನು "ಅಕ್ಕಾ, ಮೊದ್ಲು ಮೂಗು ಒರೆಸ್ಕೋ" ಅನ್ನುತ್ತೀಯ. ಅದಕ್ಕೇ ಪತ್ರ.

ನಮ್ಮ ಕಾರ್ಖಾನೆ ಮುಚ್ಚುತ್ತಾರಂತೆ, ಒಸ್ಮೊ. ಬರೆದ ಮೇಲೂ ನನಗೆ ನಂಬಿಕೆ ಬರುತ್ತಿಲ್ಲ. ನಿನ್ನೆ ಕಂಪನಿಯ ಮೂರು ತಿಂಗಳ ಫಲಿತಾಂಶ ಹೊರಬೀಳುವ ದಿನ. ಹಿಂದಿನ ದಿನವೇ ಕಚೇರಿಯಿಂದ ನಮ್ಮ ಕ್ಯಾಂಟೀನಿಗೆ ಹೇಳಿಕಳಿಸಿದ್ದರು, ಎಲ್ಲ ಪಾಳಿಯವರಿಗೂ ಕ್ರೀಮ್ ಕೇಕು, ಕಾಫಿ ಎಂದು. ಕೇಕು ಎಂದರೆ ನಮ್ಮಲ್ಲಿ ಏನರ್ಥ ಎಂದು ನಿನಗೆ ಹೇಳಬೇಕೇ? ಕಾಗದಕ್ಕೆ ಹೋಗುವ ಮರದ ತಿರುಳು ದಾಖಲೆ ಮೀರಿ ಬಂದರೆ ಕೇಕು, ಅಪಘಾತವಿಲ್ಲದೆ ವರ್ಷ ಕಳೆದರೆ ಕೇಕು. "ಮೇಲೆ ಏನ್ ಬರೀಲಿ?" ಎಂದು ಕೇಳಿದೆ. "ಏನೂ ಬೇಡ ರೈಲಿ, ಬೋಳಾಗೇ ಇರ್ಲಿ" ಅಂದಳು ಕಚೇರಿಯ ಹುಡುಗಿ. ನಮ್ಮ ಜನಕ್ಕೆ ಹೊಗಳಿಸಿಕೊಳ್ಳಲು ನಾಚಿಕೆಯಲ್ಲವೇ, ಅದಕ್ಕೇ ಇರಬೇಕು ಎಂದುಕೊಂಡೆ. ಮಹಾ ಜಾಣೆ ನಾನು! ನಮ್ಮವರು ದುಡಿದಿದ್ದಾರೆ, ಒಂದು ದಿನ ಮೆರೆಯಲಿ ಎಂದು ಚಾಕೊಲೇಟಿನಲ್ಲಿ ದಪ್ಪಕ್ಷರದಿಂದ "ಅಭಿನಂದನೆಗಳು" ಎಂದು ಬರೆದೆ. ಸುತ್ತ ಸ್ಟ್ರಾಬೆರಿ ಬೇರೆ ಕೂರಿಸಿದೆ.

ಮ್ಯಾನೇಜರ್ ವಾರ್ಟಿಯಾಲ ಆ ಕೇಕಿನ ಹಿಂದೆಯೇ ನಿಂತು ಓದಿದ. ಮಾರಾಟ ಹೆಚ್ಚಿದೆ, ಲಾಭ ಹೋದ ವರ್ಷಕ್ಕಿಂತ ಮೇಲೆ, ಕಂಪನಿಯ ಸಾಲ ಇಳಿದಿದೆ, ಷೇರುದಾರರಿಗೆ ಒಳ್ಳೆಯ ಲಾಭಾಂಶ. ನಮ್ಮವರು ತಲೆಯಾಡಿಸಿದರು, ನಮ್ಮಲ್ಲಿ ಅದೇ ಚಪ್ಪಾಳೆ. ನಿನ್ನ ಭಾವ ತಾರ್ಮೊ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ವಾರ್ಟಿಯಾಲ ಹಾಳೆ ಮಗುಚಿ, ಅದೇ ದನಿಯಲ್ಲಿ, "ಕೋಸ್ಕಿನಿಯೆಮಿ ಕಾರ್ಖಾನೆಯನ್ನ ಮಾರ್ಚ್ ಕೊನೆಗೆ ನಿಲ್ಲಿಸ್ತೀವಿ" ಅಂದ. ಕ್ರೇನ್ ನಡೆಸುವ ಊರ್ಪೊ ಕೇಳಿದ: "ಲಾಭ ಬಂದಿದೆ ಅಂತ ಈಗ್ತಾನೆ ನೀವೇ ಓದಿದ್ರಲ್ಲ?" "ಬಂದಿದೆ. ಆದ್ರೆ ಸಾಲದು." ನಮ್ಮ ಪೈನ್ ಮರಕ್ಕೆ ಎಂಬತ್ತು ವರ್ಷ ಬೇಕಂತೆ, ನಿಮ್ಮ ಕಡೆಯ ನೀಲಗಿರಿ ಎಂಟೇ ವರ್ಷಕ್ಕೆ ಕಡಿಯಲು ಬರುತ್ತದಂತೆ. ನಷ್ಟವಾದ ಅಂಗಡಿಗೆ ಬೀಗ ಬೀಳುವುದನ್ನು ಕಂಡಿದ್ದೇನೆ. ಲಾಭ ತಂದದ್ದಕ್ಕೂ ಹಾಕುತ್ತಾರೆಯೇ?

ಆಮೇಲೆ ಎಲ್ಲರೂ ನನ್ನ ಕೇಕಿನ ಕಡೆ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಊರ್ಪೊ ಮುಂದೆ ಬಂದು, "ಚಾಕು ಕೊಡು ರೈಲಿ. ತಿಥಿಗೂ ನಾವು ಕೇಕೇ ಅಲ್ವಾ ಕೊಯ್ಯೋದು" ಅಂದ. 'ಅಭಿ'ಯನ್ನು ತನ್ನ ತಟ್ಟೆಗೆ ಹಾಕಿಕೊಂಡ. ಉಳಿದವರೂ ಸಾಲಿನಲ್ಲಿ ನಿಂತು ತಿಂದರು. ತಟ್ಟೆ ತೊಳೆಯಲು ಇಟ್ಟು, ಒಬ್ಬೊಬ್ಬರೂ ನನಗೆ "ಕಾಫಿಗೆ ಥ್ಯಾಂಕ್ಸ್" ಹೇಳಿ ಯಂತ್ರಗಳ ಕಡೆ ಹೋದರು. ಯಾರಾದರೂ ಆ ಕೇಕನ್ನು ವಾರ್ಟಿಯಾಲನ ಮುಖಕ್ಕೆ ಎರಚಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಸಂಜೆ ರೇಡಿಯೋದಲ್ಲಿ ಕಂಪನಿಯ ಷೇರು ಜಿಗಿದಿದೆ ಎಂದರು. ನಾನು ರೇಡಿಯೋ ಆರಿಸಿ, ಆಲೂಗಡ್ಡೆ ಸುಲಿಯುತ್ತಾ ಕೂತೆ.

ನಿನಗೂ ಇದು ಸಿಡಿಲು ಬಡಿದ ಹಾಗಾಗಿರಬೇಕು, ಪಾಪ. ನೀನು ಕಂಪನಿಯ ದೊಡ್ಡವರ ಜೊತೆ ಕೂತು ಉಣ್ಣುವವನು, ನಮ್ಮ ಪರವಾಗಿ ಒಂದು ಮಾತು ಹಾಕು. ತಾರ್ಮೊಗೆ ಐವತ್ತು ದಾಟಿತು, ಈ ಊರಲ್ಲಿ ಬೇರೆ ಕೆಲಸವೆಲ್ಲಿದೆ? ಊರು ಬಿಡೋಣವೆಂದರೆ ಅಮ್ಮ ಈಗ ನನ್ನೊಬ್ಬಳನ್ನೇ ಗುರುತು ಹಿಡಿಯುವುದು. ವೃದ್ಧಾಶ್ರಮದವರು ಊಟ ಮಾಡಿಸಲು ಹೋದರೆ ಬಾಯಿ ಬಿಗಿಯುತ್ತಾಳೆ, ನಾನು ಚಮಚ ಹಿಡಿದರೆ ತೆರೆಯುತ್ತಾಳೆ. ಅವಳನ್ನು ಬಿಟ್ಟು ನಾನು ಎಲ್ಲಿಗೂ ಹೋಗಲಾರೆ.

ಇವತ್ತು ಅಮ್ಮನ ಕೈ ಹಿಡಿದು ನಿನ್ನ ಹೆಸರು ಹೇಳಿದೆ. ನಕ್ಕಳು. ಆಶೀರ್ವಾದ ಎಂದುಕೋ.

ನಿನ್ನ ಅಕ್ಕ,
ರೈಲಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ತಾರ್ಮೊ ಬಂದ. ಕಚೇರಿಗೆ ಕರೆಸಿ, ಉರುಗ್ವೆಗೆ ಹೋಗುತ್ತೀರಾ ಎಂದು ಕೇಳಿದರಂತೆ. "ಇಲ್ಲಿ ಮುಚ್ಚೋದು ಗೊತ್ತಾದ ತಕ್ಷಣ ನಿಮ್ಮ ಭಾವಮೈದ ನಿಮ್ಮ ಹೆಸ್ರು ಹೇಳಿಟ್ಟಿದ್ದಾರೆ, ಮೇ ತಿಂಗಳಲ್ಲೇ" ಅಂದರಂತೆ. ಮೇ ತಿಂಗಳಲ್ಲಿ! ಜೂನಿನಲ್ಲಿ ನಡುಬೇಸಿಗೆಯ ಹಬ್ಬಕ್ಕೆ ನೀನು ಬಂದಿದ್ದೆಯಲ್ಲ ಒಸ್ಮೊ. ನಮ್ಮ ಸೌನಾದ ಹಬೆಕೋಣೆಗೆ ಹೊಸ ಚಾವಣಿ ಹಾಕಿದಾಗ ತಾರ್ಮೊಗೆ ಹಲಗೆ ಎತ್ತಿಕೊಟ್ಟವನು ನೀನೇ. "ಇನ್ನು ಮೂವತ್ತು ವರ್ಷ ಚಿಂತೆಯಿಲ್ಲ ಅಕ್ಕಾ" ಅಂದವನೂ ನೀನೇ. ತಾರ್ಮೊ ಹೋಗುತ್ತೇನೆ ಎಂದು ಒಪ್ಪಿ ಬಂದಿದ್ದಾನೆ. ಮೇಲೆ ಬರೆದದ್ದನ್ನು ಹರಿಯುವುದಿಲ್ಲ, ಪೂರ್ತಿ ಓದು. ಅವನಿಗೆ ಅಲ್ಲಿ ಒಂದು ಒಳ್ಳೆಯ ಕೋಣೆ ನೋಡು. ನನಗೆ ಮಾತ್ರ ಈಗ ಉತ್ತರ ಬರೆಯಬೇಡ. ನಿನ್ನ ಅಕ್ಷರ ನೋಡುವುದು ನನ್ನಿಂದಾಗದು.