‘ಗ್ಲ’ ಪೆಟ್ಟಿಗೆಯ ಚೀಟಿಗಳು

ಪೋರ್ಟ್‌ಲ್ಯಾಂಡ್, ಮೇನ್
ಮಾರ್ಚ್ 9

ಪ್ರೀತಿಯ ಅಪ್ಪಾ,

ನಿನ್ನ ಲಕೋಟೆ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ಹಿಡಿದೇ ತೂಕಡಿಸಿದ್ದೇನೆ, ಬೈಯಬೇಡ. ಟೆಸ್‌ಗೆ ಹತ್ತು ತಿಂಗಳು ತುಂಬಿತು. ಮಗು ಗಡದ್ದಾಗಿ ಮಲಗುತ್ತದೆ, ನಿದ್ದೆಯಿಲ್ಲದವಳು ನಾನು. ಹಿಮ ಸರಿಸುವ ಲಾರಿ ಕಿಟಕಿ ನಡುಗಿಸಿಕೊಂಡು ಹೋದರೂ ಅವಳು ಮಿಸುಕುವುದಿಲ್ಲ. ಕಳೆದ ತಿಂಗಳು ನನ್ನ ಕೈಜಾರಿ ಕಬ್ಬಿಣದ ಬಾಣಲೆ ಅವಳ ಬೆನ್ನ ಹಿಂದೆಯೇ ಬಿತ್ತು. ತಿರುಗಲಿಲ್ಲ. ಅಂದಿನಿಂದ ಒಂದೇ ಭಯ: ಇವಳಿಗೆ ಕಿವಿ ಕೇಳುತ್ತದೆಯೇ?

ಕೆಳಮನೆಯ ಮಿಸೆಸ್ ಪೆಲ್ಕಿ ನಕ್ಕುಬಿಟ್ಟರು. “ಅಯ್ಯೋ ಹುಚ್ಚಿ, ನನ್ನ ಮಕ್ಳು ಬೆಕ್ಕು ಆಕಳಿಸಿದ್ರೂ ಎದ್ದು ಕೂತ್ಕೊಳ್ತಿದ್ವು. ಇಂಥಾ ಬಂಗಾರ ಸಿಕ್ಕಿದ್ರೂ ಅಳ್ತೀಯಲ್ಲ! ಜಾಸ್ತಿ ಓದಿದವ್ರ ಪಾಡೇ ಇಷ್ಟು.”

ಲಕೋಟೆಯಲ್ಲಿದ್ದ, ನೀನು ಪದಗಳ ಅರ್ಥ ಬರೆದ ಚೀಟಿಗಳನ್ನು ಅಡುಗೆಮನೆಯ ಕಿಟಕಿಗೆ ಅಂಟಿಸಿದ್ದೇನೆ. ನಿವೃತ್ತಿಗೆ ಮುಂಚೆ ನಿಘಂಟಿನ ಕಚೇರಿಯಲ್ಲಿ ನಿನ್ನ ಪಾಲಿಗೆ ಬಂದ ಕೊನೆಯ ಪೆಟ್ಟಿಗೆಯಲ್ಲವೇ ಇದು, ‘ಗ್ಲ’ದಿಂದ ಶುರುವಾಗುವ ಪದಗಳದು? ಗ್ಲೀಮ್: ಒರೆಸಿದ ವಸ್ತುವಿನ ಮೇಲೆ ಗಳಿಗೆ ಹೊತ್ತು ನಿಂತು ಹೋಗುವ ಬೆಳಕು. ಗ್ಲಿಂಪ್ಸ್: ಪೂರ್ತಿ ನೋಡುವಷ್ಟರಲ್ಲಿ ತಪ್ಪಿಹೋದ ನೋಟ. ಗ್ಲೈಡ್: ಹೆಜ್ಜೆಯ ಗುರುತಿಲ್ಲದೆ ಸಾಗುವುದು. ಬೆಳಗಿನ ಬಿಸಿಲಲ್ಲಿ ಚೀಟಿಗಳ ನೆರಳು ನೆಲದ ಮೇಲೆ ಮೀನಿನ ಹಾಗೆ ಈಜುತ್ತದೆ. ಟೆಸ್ ಅಂಬೆಗಾಲಿಟ್ಟು ಅದನ್ನು ಹಿಡಿಯಲು ಹೋಗುತ್ತಾಳೆ. ಅರೆಗಣ್ಣಲ್ಲಿ ನೋಡುತ್ತ ಕೂತ ನನಗೆ ಇಡೀ ಮನೆ ನೀರೊಳಗೆ ಮುಳುಗಿದಂತೆ ಕಾಣುತ್ತದೆ.

ಅವುಗಳಲ್ಲಿ ಸದ್ದಿನದು ಒಂದೇ. ಗ್ಲಗ್: ಸಣ್ಣ ಬಾಯಿಯ ಪಾತ್ರೆಯಿಂದ ನೀರು ಸುರಿಯುವ ಸದ್ದು. ಸಿರಪ್ಪಿನ ಖಾಲಿ ಜಗ್ಗಿಗೆ ನೀರು ತುಂಬಿ ಅವಳ ಕಿವಿಯ ಬಳಿಯೇ ಸುರಿದೆ. ಏನೂ ಇಲ್ಲ. ಆಮೇಲೆ ಅವಳ ಅಂಗೈ ನೀರಿನೊಡನೆ ಅದುರುತ್ತಿದ್ದ ಜಗ್ಗಿನ ಹೊಟ್ಟೆಗೆ ತಾಗಿತು ನೋಡು, ಬಿಕ್ಕಳಿಕೆ ಬರುವಷ್ಟು ನಕ್ಕಳು.

ನಿಮ್ಮ ಕಚೇರಿಯಲ್ಲಿ ಮಾತಾಡುವಂತಿರಲಿಲ್ಲ, ಏನಿದ್ದರೂ ಚೀಟಿ ಬರೆದು ಪಕ್ಕದ ಮೇಜಿಗೆ ದಾಟಿಸಬೇಕು. ಆ ಅಭ್ಯಾಸ ನಮ್ಮ ಊಟದ ಮೇಜಿಗೂ ಬಂತು. ಉಪ್ಪು ಬೇಕಾದರೂ ಚೀಟಿ! “ಬಾಯಿ ಏನು ಆಫೀಸಲ್ಲೇ ಬಿಟ್ಟು ಬಂದ್ಯಾ?” ಎಂದು ಅಮ್ಮ ರೇಗುತ್ತಿದ್ದಳು. ನಾನು ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು. ಕಾಲೇಜಿಗೆ ಹೊರಟ ದಿನ ನಿನ್ನ ಬಾಯಿಂದ ಒಂದು ಮಾತಿಗಾಗಿ ಬಸ್ಸಿನ ಕಿಟಕಿಯಲ್ಲಿ ಕಾದೆ. ನೀನು ಕೊಟ್ಟದ್ದು ಚೀಟಿ. ಓದದೆ ಹರಿದುಹಾಕಿದೆ. ನಿನಗೆ ಗೊತ್ತಿರಲಿಲ್ಲ.

ಮೊಣಕಾಲು ಜೋಪಾನ, ಮಂಜುಗಟ್ಟಿದ ಮೆಟ್ಟಿಲು ಒಬ್ಬನೇ ಇಳಿಯಬೇಡ. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ. ಟೆಸ್‌ಳ ಎಂಜಲು ಮುತ್ತು ಈ ಹಾಳೆಯ ಮೂಲೆಯಲ್ಲಿದೆ.

ನಿನ್ನ
ಮೇವ್

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಲಿಲ್ಲ. ಟೆಸ್‌ಳ ಕಿವಿ ಪರೀಕ್ಷೆ ಮಾಡಿಸಿದೆ, ಶುಕ್ರವಾರ ಡಾಕ್ಟರು ಹೇಳಿದರು. ಟೆಸ್‌ಗೆ ಏನೂ ಕೇಳಿಸುವುದಿಲ್ಲ. ಅವರು ಹೇಳುತ್ತಿದ್ದಂತೆ ನನ್ನ ಕಣ್ಣಿಗೆ ಬಂದದ್ದು ನಮ್ಮ ಆ ಊಟದ ಮೇಜು. ಸದ್ದಿಲ್ಲದೆ ಮಾತಾಡುವುದು ನಮ್ಮಲ್ಲಿ ನಿನಗೊಬ್ಬನಿಗೇ ಗೊತ್ತು. ಬಾ ಅಪ್ಪಾ. ಗ್ಲಗ್ ಚೀಟಿಯಲ್ಲಿ ‘ಸದ್ದು’ ಎಂಬ ಪದ ತಿದ್ದುವುದಿದೆ. ಆ ಬಸ್ಸಿನ ಚೀಟಿಯಲ್ಲಿ ಏನಿತ್ತೋ, ಅದನ್ನೂ ಇನ್ನೊಮ್ಮೆ ಬರೆದು ತಾ. ಈ ಸಲ ಓದುತ್ತೇನೆ.