ಮಗಳ ಹಾಲುಹಲ್ಲು

ಮಂಗಳವಾರ, ಜೂನ್ ೧೧

ನಿನ್ನೆ ರಾತ್ರಿ ನಿದ್ದೆಯಿಲ್ಲ, ಬೆಳಗಿನಿಂದಲೂ ಒಂದೇ ಚಿಂತೆ: ಮಗಳ ದವಡೆಹಲ್ಲಿನ ಮೇಲಿನ ಆ ಕಂದು ಚುಕ್ಕೆ ಹುಳುಕೇ ಇರಬಹುದೇ? ಮಲಗುವಾಗಿನ ಹಾಲಿನ ಬಾಟಲಿ ಬಿಡಿಸಿದಾಗ ಎಷ್ಟು ಅತ್ತಿದ್ದಳು! "ಬಿದ್ದುಹೋಗೋ ಹಲ್ಲಿಗೆ ಇಷ್ಟು ರಂಪ ಯಾಕಮ್ಮ?" ಎಂದು ಅತ್ತೆ ಆಗ ದಿನವೂ ಚುಚ್ಚುತ್ತಿದ್ದರು. ಹುಳುಕು ಬಂದಿದ್ದರೆ ಮಗುವನ್ನು ಅಳಿಸಿದ್ದೊಂದೇ ಲಾಭ.

ಸಂಜೆ ಮಗಳನ್ನು ತೋರಿಸಲು ಹೊರಟಾಗ ಅತ್ತೆಯೂ ಜೊತೆಗೆ ಬಂದರು. ಹಲ್ಲಿನ ಡಾಕ್ಟರ್ ಕೆರೆದು ನೋಡಿ, "ಬರೀ ಕಲೆ ಕಣ್ರೀ, ಹಲ್ಲು ಗಟ್ಟಿಯಾಗಿದೆ. ಯಾರು ಉಜ್ಜಿಸೋದು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಮ್ಮ ಸೊಸೆ! ಮಗು ತೂಕಡಿಸಿದ್ರೂ ಬಿಡಲ್ಲ, ಮಡಿಲಲ್ಲಿ ಮಲಗಿಸ್ಕೊಂಡೇ ಉಜ್ತಾಳೆ. ನನ್ನ ಮಗನ ಬಾಯಿ ನೋಡಿ, ಅಲ್ಲಿರೋ ಹುಳುಕೆಲ್ಲ ನನ್ನ ಮುದ್ದು!" ಎಂದುಬಿಟ್ಟರು.

ಉಬ್ಬಿಹೋದೆ. ಇವತ್ತೂ ನಿದ್ದೆ ಬರುತ್ತಿಲ್ಲ, ಆದರೆ ಸಂತೋಷಕ್ಕೆ. 'ನಮ್ಮ ಸೊಸೆ' ಎನ್ನುವಾಗ ಅವರ ದನಿಯಲ್ಲಿದ್ದ ಆ ಜಂಬ! ಅದನ್ನು ಇನ್ನೊಮ್ಮೆ ಕೇಳುವುದಕ್ಕಾದರೂ ಅವರನ್ನು ಮತ್ತೆ ಡಾಕ್ಟರ ಹತ್ತಿರ...